ಒಂದೇ ತಕ್ಕಡಿಯಲ್ಲಿ ಕಾಫಿ ಮತ್ತು ಅಡಿಕೆ

ಮದ್ದೂರಿಗೆ ಸಮೀಪದ ವೈದ್ಯನಾಥಪುರ ಶಿಂಷಾ ನದಿಯ ದಡದಲ್ಲಿದೆ. ಅಲ್ಲಿಯ ವೈದ್ಯನಾಥೇಶ್ವರನ ಗುಡಿಗೆ ಹೋಗುವವರ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣುಗಳ ಜೊತೆಗೆ ವೀಳ್ಯದೆಲೆ ಅಡಿಕೆ ಇದ್ದೇ ಇರುತ್ತದೆ. ದರ್ಶನ ಮುಗಿಸಿ ಮದ್ದೂರಿಗೆ ಬಂದರೆ ವಡೆ, ಅದರ ಹಿಂದೆಯೇ ಒಂದು ಲೋಟ ಕಾಫಿ. ನಮ್ಮ ಸಂಘದ ಸದಸ್ಯರು ಬೆಳೆಯುವ ಎರಡೂ ಬೆಳೆಗಳು ಹೀಗೆ ಒಂದೇ ಬೆಳಗಿನಲ್ಲಿ ಒಬ್ಬನೇ ಮನುಷ್ಯನ ಕೈಗೆ ಬರುತ್ತವೆ.

ಅಂಥ ಒಂದು ಬೆಳಿಗ್ಗೆ ಗುಡಿಯ ಜಗುಲಿಯ ಮೇಲೆ ಕುಳಿತಿದ್ದಾಗ ಆ ಕಡೆಯ ಯುವಕರೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. "ಅಣ್ಣಾ, ಪೇಪರ್‌ನಲ್ಲಿ ಒಂದ್ಸಾರಿ ಅಡಿಕೆ ವಿಷ ಅಂತಾರೆ, ಇನ್ನೊಂದ್ಸಾರಿ ಔಷಧಿ ಅಂತಾರೆ. ಹಿಂದೆ ಕಾಫೀನೂ ಕೆಟ್ಟದ್ದು ಅಂತಿದ್ರು, ಈಗ ಒಳ್ಳೇದು ಅಂತಾರೆ. ನಾನು ಅರ್ಧ ಎಕರೆ ಗದ್ದೇಲಿ ಅಡಿಕೆ ಸಸಿ ಇಟ್ಟಿವ್ನಿ. ಇವರ ಮಾತು ಕಟ್ಕೊಂಡು ಕಿತ್ತಾಕಾದಾ, ಬಿಡಾದಾ?"

ಕಬ್ಬು, ಭತ್ತ, ತೆಂಗುಗಳ ಈ ಸೀಮೆಯಲ್ಲೂ ಈಚಿನ ವರ್ಷಗಳಲ್ಲಿ ಅಡಿಕೆ ಸಸಿಗಳು ಏಳುತ್ತಿವೆ. ಇಂದು ನೆಟ್ಟ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಕೊಡಲು ತೊಡಗಿದ ಮೇಲೆ ಒಂದು ತಲೆಮಾರನ್ನು ದಾಟಿಸುತ್ತದೆ. ಆದುದರಿಂದ ಇದು ಹರಟೆಯ ಪ್ರಶ್ನೆಯಲ್ಲ. ಮಲೆನಾಡು, ಕರಾವಳಿಗಳಲ್ಲಿ ಅಜ್ಜನ ಕಾಲದ ತೋಟವನ್ನೇ ನಂಬಿ ಬದುಕುವವರಿಗಂತೂ ಇದು ಅನ್ನದ ಪ್ರಶ್ನೆ. ವಿಜ್ಞಾನಿಗಳು ಈ ಎರಡು ಬೆಳೆಗಳ ಬಗ್ಗೆ ಏನು ಹೇಳಿದ್ದಾರೆ, ಹೇಗೆ ಆ ಮಾತಿಗೆ ಬಂದರು, ಎಲ್ಲಿ ಇನ್ನೂ ಚರ್ಚೆ ಉಳಿದಿದೆ ಎಂಬುದನ್ನು ಸಾಧ್ಯವಾದಷ್ಟು ಸರಳವಾಗಿ ಇಲ್ಲಿ ವಿವರಿಸಲು ಯತ್ನಿಸಲಾಗಿದೆ.

ತೂಗುವವರು ಯಾರು?

ಪತ್ರಿಕೆಗಳಲ್ಲಿ "ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ" ಎಂದು ಬರುವ ಸುದ್ದಿಯ ಹಿಂದೆ ಸಾಮಾನ್ಯವಾಗಿ ಇರುವುದು ಅದರ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ. 1965ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಕಚೇರಿ ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿದೆ. ಬೇರೆ ಬೇರೆ ದೇಶಗಳ ತಜ್ಞರನ್ನು ಕರೆಸಿ, ಒಂದು ವಸ್ತುವಿನ ಬಗ್ಗೆ ಪ್ರಕಟವಾಗಿರುವ ಅಧ್ಯಯನಗಳನ್ನೆಲ್ಲ ಅವರ ಮುಂದಿಟ್ಟು, ಅದರಿಂದ ಮನುಷ್ಯನಿಗೆ ಕ್ಯಾನ್ಸರ್ ಬರುವುದಕ್ಕೆ ಸಾಕ್ಷ್ಯ ಎಷ್ಟು ಗಟ್ಟಿಯಾಗಿದೆ ಎಂದು ಅದು ತೀರ್ಮಾನಿಸುತ್ತದೆ.

ಈ ತೀರ್ಮಾನಗಳನ್ನು ಗುಂಪುಗಳಾಗಿ ವಿಂಗಡಿಸಲಾಗಿದೆ. ಮೊದಲನೆಯ ಗುಂಪು ಎಂದರೆ ಕ್ಯಾನ್ಸರ್ ಉಂಟುಮಾಡುತ್ತದೆ ಎಂಬುದಕ್ಕೆ ಸಾಕಷ್ಟು ಸಾಕ್ಷ್ಯವಿರುವ ವಸ್ತುಗಳು. ಎರಡನೆಯ ಗುಂಪಿನಲ್ಲಿ 'ಎ' ಮತ್ತು 'ಬಿ' ಎಂದು ಎರಡು ಭಾಗ: ಬಹುಶಃ ಉಂಟುಮಾಡಬಹುದಾದವು, ಹಾಗೂ ಉಂಟುಮಾಡುವ ಸಾಧ್ಯತೆಯನ್ನು ಅಲ್ಲಗಳೆಯಲಾಗದಂಥವು. ಮೂರನೆಯ ಗುಂಪು ಎಂದರೆ ಇರುವ ಸಾಕ್ಷ್ಯದಿಂದ ತೀರ್ಪು ಕೊಡಲು ಬಾರದು ಎಂದರ್ಥ.

ಇಲ್ಲಿ ಒಂದು ಮಾತನ್ನು ವಾಚಕರು ಚೆನ್ನಾಗಿ ನೆನಪಿನಲ್ಲಿಡಬೇಕು. ಈ ಗುಂಪುಗಳು ತಿಳಿಸುವುದು ಸಾಕ್ಷ್ಯದ ಬಲವನ್ನು, ಅಪಾಯದ ಪ್ರಮಾಣವನ್ನಲ್ಲ. ನಾಗರಹಾವು ವಿಷದ್ದು ಎಂಬುದು ನಿರ್ವಿವಾದ. ಆದರೆ ಒಂದು ತೋಟದಲ್ಲಿ ಎಷ್ಟು ಹಾವುಗಳಿವೆ, ಕತ್ತಲಲ್ಲಿ ಬರಿಗಾಲಿನಲ್ಲಿ ತಿರುಗುವವನಿಗೆ ಕಚ್ಚುವ ಸಂಭವ ಎಷ್ಟು ಎಂಬುದು ಬೇರೆಯೇ ಲೆಕ್ಕ. ಮದ್ಯ, ಬಿಸಿಲಿನ ಕಿರಣ, ಪ್ಲುಟೋನಿಯಂ, ಸಂಸ್ಕರಿಸಿದ ಮಾಂಸ ಇವೆಲ್ಲವೂ ಮೊದಲನೆಯ ಗುಂಪಿನಲ್ಲೇ ಇವೆ. ಹಾಗೆಂದು ಅವೆಲ್ಲ ಸಮಾನ ಅಪಾಯದವು ಎಂದಲ್ಲ. ಪ್ರತಿಯೊಂದರ ಅಪಾಯ ಎಷ್ಟೆಂಬುದನ್ನು ಬಳಸುವ ಪ್ರಮಾಣ, ಬಳಸಿದ ವರ್ಷಗಳು ಇವುಗಳಿಂದ ಬೇರೆಯಾಗಿಯೇ ಅಳೆಯಬೇಕಾಗುತ್ತದೆ.

ಕಾಫಿ ಕಟಕಟೆಗೆ ಹತ್ತಿದ ಬಗೆ

1981ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಬ್ರಯನ್ ಮ್ಯಾಕ್‌ಮಹೋನ್ ಮತ್ತು ಸಂಗಡಿಗರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆಗಿದ್ದ 369 ರೋಗಿಗಳನ್ನೂ, ಆ ಕ್ಯಾನ್ಸರ್ ಇಲ್ಲದ 644 ಇತರ ರೋಗಿಗಳನ್ನೂ ಅವರು ವಿಚಾರಿಸಿದ್ದರು. ಕ್ಯಾನ್ಸರ್ ಆದವರಲ್ಲಿ ಕಾಫಿ ಕುಡಿಯುವವರು ಹೆಚ್ಚಾಗಿ ಕಂಡುಬಂದರು. ಸುದ್ದಿ ಜಗತ್ತಿನ ತುಂಬ ಹಬ್ಬಿತು.

ಆದರೆ ಇತರ ವಿಜ್ಞಾನಿಗಳು ಲೆಕ್ಕದ ಬುಡವನ್ನು ಕೆದಕಿದರು. ಹೋಲಿಕೆಗಾಗಿ ತೆಗೆದುಕೊಂಡ ರೋಗಿಗಳಲ್ಲಿ ಹಲವರು ಹೊಟ್ಟೆ, ಕರುಳುಗಳ ಬೇನೆಯಿಂದ ನರಳುತ್ತಿದ್ದವರು. ಹೊಟ್ಟೆ ಉರಿಯುವವರು ಕಾಫಿಯನ್ನು ಮೊದಲೇ ಕಡಿಮೆ ಮಾಡಿರುತ್ತಾರೆ ಎಂಬುದು ನಮ್ಮ ಮನೆಗಳಲ್ಲೂ ಕಾಣುವ ಸಂಗತಿ. ಹಾಗಾಗಿ ಕ್ಯಾನ್ಸರ್ ರೋಗಿಗಳು ಹೆಚ್ಚು ಕಾಫಿ ಕುಡಿದವರಂತೆ ತೋರಿದ್ದು, ಅವರ ಎದುರಿಗೆ ಇಟ್ಟವರು ಕಡಿಮೆ ಕುಡಿಯುವವರಾದ್ದರಿಂದ ಇರಬಹುದು. 1986ರಲ್ಲಿ ಅದೇ ತಂಡದವರು ಮತ್ತೆ ನೋಡಿದಾಗ ಹಿಂದಿನಷ್ಟು ಬಲವಾದ ಸಂಬಂಧ ಕಾಣಲಿಲ್ಲ.

ಅಷ್ಟರಲ್ಲಿ ಇನ್ನೊಂದು ದೂರು ಬಂದಿತ್ತು. ಕಾಫಿಯಿಂದ ಮೂತ್ರಕೋಶದ ಕ್ಯಾನ್ಸರ್ ಬರಬಹುದೆಂದು ಕೆಲವು ಅಧ್ಯಯನಗಳು ಸೂಚಿಸಿದ್ದವು. 1991ರಲ್ಲಿ ಲಿಯೋನ್ ಸಂಸ್ಥೆ ಆ ಕಾರಣಕ್ಕಾಗಿಯೇ ಕಾಫಿಯನ್ನು 2ಬಿ ಗುಂಪಿಗೆ ಸೇರಿಸಿತು. ಇಪ್ಪತ್ತೈದು ವರ್ಷ ಕಾಫಿ ಆ ಪಟ್ಟಿಯಲ್ಲೇ ಉಳಿಯಿತು.

2016ರ ಮೇ ತಿಂಗಳಲ್ಲಿ 10 ದೇಶಗಳ 23 ವಿಜ್ಞಾನಿಗಳು ಮತ್ತೆ ಸೇರಿ, ಒಂದು ಸಾವಿರಕ್ಕೂ ಮಿಕ್ಕಿದ ಅಧ್ಯಯನಗಳನ್ನು ಪರಿಶೀಲಿಸಿದರು. ಹಿಂದಿನ ಅಧ್ಯಯನಗಳಲ್ಲಿ ಕಾಫಿಯ ಜೊತೆಗಾರನಾದ ಸಿಗರೇಟನ್ನು ಸರಿಯಾಗಿ ಬಿಡಿಸಿರಲಿಲ್ಲ ಎಂಬುದು ಅಷ್ಟು ಹೊತ್ತಿಗೆ ಸ್ಪಷ್ಟವಾಗಿತ್ತು. ಹೆಚ್ಚು ಕಾಫಿ ಕುಡಿಯುವವರಲ್ಲಿ ಅನೇಕರು ಧೂಮಪಾನಿಗಳೂ ಆಗಿರುತ್ತಿದ್ದರು. ಧೂಮಪಾನದಿಂದ ಮೂತ್ರಕೋಶದ ಕ್ಯಾನ್ಸರ್ ಬರುತ್ತದೆ ಎಂಬುದು ಮೊದಲೇ ತಿಳಿದ ಸಂಗತಿ. ಸಿಗರೇಟಿನ ಪಾಲನ್ನು ಕಳೆದು ನೋಡಿದಾಗ ಕಾಫಿಯ ಮೇಲಿನ ಆಪಾದನೆ ನಿಲ್ಲಲಿಲ್ಲ. ಕಾಫಿ ಮೂರನೆಯ ಗುಂಪಿಗೆ ಇಳಿಯಿತು. ಯಕೃತ್ತು ಹಾಗೂ ಗರ್ಭಕೋಶದ ಒಳಪೊರೆಯ ಕ್ಯಾನ್ಸರ್‌ಗಳು ಕಾಫಿ ಕುಡಿಯುವವರಲ್ಲಿ ಕಡಿಮೆ ಎಂಬ ಸೂಚನೆಯೂ ಆಗ ದೊರೆಯಿತು.

ಇದು ನಮಗೆ ಸಂತೋಷದ ಸುದ್ದಿಯೇ. ಆದರೂ ಮೂರನೆಯ ಗುಂಪು ಎಂದರೆ ಒಳ್ಳೆಯದೆಂಬ ಸರ್ಟಿಫಿಕೇಟ್ ಅಲ್ಲ, ಅಪರಾಧ ಸಿದ್ಧವಾಗಿಲ್ಲ ಎಂದಷ್ಟೇ. ಅದೇ ಸಭೆಯಲ್ಲಿ ಇನ್ನೊಂದು ತೀರ್ಮಾನವೂ ಆಯಿತು. 65 ಡಿಗ್ರಿ ಸೆಲ್ಷಿಯಸ್‌ಗಿಂತ ಹೆಚ್ಚು ಬಿಸಿಯಾದ ಯಾವುದೇ ಪಾನೀಯವನ್ನು, ಅನ್ನನಾಳದ ಕ್ಯಾನ್ಸರ್ ಕಾರಣವಾಗಿ, 2ಎ ಗುಂಪಿಗೆ ಸೇರಿಸಲಾಯಿತು. ಇಲ್ಲಿ ದೋಷ ಶಾಖದ್ದು, ಕಾಫಿಯದಲ್ಲ. ಲೋಟದಿಂದ ದವರಕ್ಕೆ, ದವರದಿಂದ ಲೋಟಕ್ಕೆ ಎರಡು ಬಾರಿ ಸುರಿದು ಆರಿಸಿ ಕುಡಿಯುವ ನಮ್ಮ ಪದ್ಧತಿ ಈ ದೃಷ್ಟಿಯಿಂದ ಒಳ್ಳೆಯದೇ ಆಗಿದೆ.

ಅಡಿಕೆಯ ವಿಚಾರಣೆ

ಈಗ ಅದೇ ತಕ್ಕಡಿಯ ಮೇಲೆ ಅಡಿಕೆಯನ್ನು ಇಡೋಣ.

1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಪೂರ್ವ ಆಫ್ರಿಕಾದಲ್ಲಿ ನೆಲಸಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಒಂದು ವಿಚಿತ್ರ ರೋಗವನ್ನು ಗುರುತಿಸಿದರು. ಬಾಯಿಯ ಒಳಚರ್ಮ ಬಿಳಿಚಿ ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗಿತ್ತು. 1953ರಲ್ಲಿ ಮುಂಬಯಿಯ ವೈದ್ಯ ಜೋಶಿಯವರು ಅದೇ ರೋಗವನ್ನು ವರ್ಣಿಸಿ, ಇಂದು ಬಳಕೆಯಲ್ಲಿರುವ 'ಸಬ್‌ಮ್ಯೂಕಸ್ ಫೈಬ್ರೋಸಿಸ್' ಎಂಬ ಹೆಸರನ್ನು ಕೊಟ್ಟರು. ಬಾಯಿ ಬಿಗಿಯುವ ರೋಗ ಎಂದು ನಾವು ಕರೆಯಬಹುದು. ಕೇರಳದ ಎರ್ನಾಕುಲಂನಲ್ಲಿ ಈ ರೋಗದ 66 ಮಂದಿಯನ್ನು 17 ವರ್ಷಗಳ ಕಾಲ ಗಮನಿಸಿದ ಭಾರತೀಯ ಮತ್ತು ಡೆನ್ಮಾರ್ಕಿನ ಸಂಶೋಧಕರು, ಅವರಲ್ಲಿ 5 ಮಂದಿಗೆ ಬಾಯಿ ಕ್ಯಾನ್ಸರ್ ಆಯಿತೆಂದು 1985ರಲ್ಲಿ ವರದಿ ಮಾಡಿದರು. ನೂರಕ್ಕೆ 7.6ರಷ್ಟು ಆಯಿತು.

ಅದೇ 1985ರಲ್ಲಿ ಲಿಯೋನ್ ಸಂಸ್ಥೆ ಅಡಿಕೆಯ ವಿಚಾರವನ್ನು ಮೊದಲ ಬಾರಿಗೆ ಎತ್ತಿಕೊಂಡಿತು. ಆಗಿನ ತೀರ್ಮಾನ ಏನೆಂಬುದನ್ನು ಗಮನಿಸಬೇಕು. ಹೊಗೆಸೊಪ್ಪು ಸೇರಿಸಿದ ತಾಂಬೂಲ ಕ್ಯಾನ್ಸರ್ ಉಂಟುಮಾಡುತ್ತದೆ. ಹೊಗೆಸೊಪ್ಪು ಸೇರಿಸದ ತಾಂಬೂಲದ ಬಗ್ಗೆ ಇರುವ ಸಾಕ್ಷ್ಯ ಸಾಲದು. ಎಂದರೆ ಇಂದು ನಮ್ಮ ಬೆಳೆಗಾರರು ಸಭೆಗಳಲ್ಲಿ ಹೇಳುವ "ತಪ್ಪು ಹೊಗೆಸೊಪ್ಪಿನದು, ಅಡಿಕೆಯದಲ್ಲ" ಎಂಬ ಮಾತಿಗೆ ಆ ಕಾಲದಲ್ಲಿ ಅವರೂ ಅವಕಾಶ ಕೊಟ್ಟಿದ್ದರು.

ಸಂಶಯ ನಿವಾರಣೆಯಾಗಬೇಕಾದರೆ ಕಾಫಿಯ ವಿಷಯದಲ್ಲಿ ಸಿಗರೇಟನ್ನು ಬಿಡಿಸಿದಂತೆ, ಇಲ್ಲಿ ಹೊಗೆಸೊಪ್ಪನ್ನು ಬಿಡಿಸಿ ನೋಡಬೇಕಾಗಿತ್ತು. ಅದಕ್ಕೆ ತೈವಾನ್ ದ್ವೀಪ ಒದಗಿತು. ಅಲ್ಲಿಯ ಜನ ಎಳೆಯ ಹಸಿ ಅಡಿಕೆಯನ್ನು ಸುಣ್ಣದ ಜೊತೆ, ವೀಳ್ಯದೆಲೆ ಅಥವಾ ಆ ಬಳ್ಳಿಯ ಹೂಗೊಂಚಲಿನೊಡನೆ ಜಗಿಯುತ್ತಾರೆ, ಹೊಗೆಸೊಪ್ಪನ್ನು ಸೇರಿಸುವುದಿಲ್ಲ. ಆದರೂ ಜಗಿಯುವವರಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂತು; ಧೂಮಪಾನ, ಮದ್ಯಪಾನಗಳ ಪಾಲನ್ನು ಕಳೆದ ಮೇಲೂ ಸಂಬಂಧ ಉಳಿಯಿತು. ಕರಾಚಿಯಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೂ ಹೊಗೆಸೊಪ್ಪಿಲ್ಲದ ಬೀಡವನ್ನು ಪ್ರತ್ಯೇಕ ಕಾರಣವೆಂದೇ ಕಂಡಿತು. ದಿನಕ್ಕೆ ಹೆಚ್ಚು ಬಾರಿ, ಹೆಚ್ಚು ವರ್ಷ ಜಗಿದವರಲ್ಲಿ ಅಪಾಯವೂ ಹೆಚ್ಚುತ್ತ ಹೋಗುವುದು ತಿಳಿದುಬಂತು.

2003ರಲ್ಲಿ ಸೇರಿದ ತಜ್ಞರು ಇವನ್ನೆಲ್ಲ ನೋಡಿ ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ, ಅಡಿಕೆಯನ್ನೂ ಮೊದಲನೆಯ ಗುಂಪಿಗೆ ಸೇರಿಸಿದರು. ಆ ಸಂಪುಟ 2004ರಲ್ಲಿ ಅಚ್ಚಾಯಿತು. ಆಮೇಲಿನ ಮರುಪರಿಶೀಲನೆಯಲ್ಲೂ ಅದು ಬದಲಾಗಲಿಲ್ಲ. 2020ರಲ್ಲಿ ಅಡಿಕೆಯೊಳಗಿನ ಅರೆಕೋಲಿನ್ ಎಂಬ ಒಂದು ಅಂಶವನ್ನು ಮಾತ್ರ ಪ್ರತ್ಯೇಕವಾಗಿ ತೂಗಿದಾಗ ಅದನ್ನು 2ಬಿ ಗುಂಪಿನಲ್ಲಿ ಇಟ್ಟರು. ಇಡೀ ಅಡಿಕೆ ಮೇಲಿನ ಗುಂಪಿನಲ್ಲಿ, ಅದರ ಒಂದು ಅಂಶ ಕೆಳಗಿನ ಗುಂಪಿನಲ್ಲಿ ಇರುವುದು ವಿಚಿತ್ರವಾಗಿ ತೋರಬಹುದು. ಆದರೆ ಜನರು ಜಗಿಯುವುದು ಇಡೀ ಅಡಿಕೆಯನ್ನು. ಶುದ್ಧ ಅರೆಕೋಲಿನ್ ಅನ್ನು ಯಾರೂ ಜಗಿಯುವುದಿಲ್ಲವಾದ್ದರಿಂದ ಮನುಷ್ಯರ ಮೇಲಿನ ಸಾಕ್ಷ್ಯ ಅದರ ಪಾಲಿಗೆ ಇಲ್ಲ.

2024ರ ಅಕ್ಟೋಬರ್‌ನಲ್ಲಿ ಅದೇ ಸಂಸ್ಥೆಯ ಸಂಶೋಧಕರು ಒಂದು ಅಂದಾಜನ್ನು ಪ್ರಕಟಿಸಿದರು. 2022ರಲ್ಲಿ ಜಗತ್ತಿನಲ್ಲಿ ಬಾಯಿ ಕ್ಯಾನ್ಸರ್ ಆದ 3,89,800 ಮಂದಿಯಲ್ಲಿ 1,20,200 ಮಂದಿಗೆ, ಎಂದರೆ ಮೂವರಲ್ಲಿ ಸುಮಾರು ಒಬ್ಬರಿಗೆ, ಜಗಿಯುವ ಹೊಗೆಸೊಪ್ಪು ಮತ್ತು ಅಡಿಕೆ ಕಾರಣ. ಅವರಲ್ಲಿ 83,400 ಮಂದಿ ನಮ್ಮ ದೇಶದವರು. ಈ ಸಂಖ್ಯೆ ಹೊಗೆಸೊಪ್ಪು ಮತ್ತು ಅಡಿಕೆ ಎರಡಕ್ಕೂ ಸೇರಿದ್ದು. ಎಲ್ಲವನ್ನೂ ಅಡಿಕೆಯೊಂದರ ತಲೆಗೆ ಕಟ್ಟುವಂತಿಲ್ಲ. ಹಾಗೆಯೇ, ಅಡಿಕೆಯ ಪಾಲೇ ಇಲ್ಲವೆಂದು ಹೇಳುವಂತೆಯೂ ಇಲ್ಲ.

ಬಾಯಿಯೊಳಗೆ ಆಗುವುದೇನು?

ಅಡಿಕೆ ಜಗಿದಾಗ ಮೈ ಬೆಚ್ಚಗಾಗಿ, ಮನಸ್ಸು ಚುರುಕಾಗುವುದಕ್ಕೆ ಅರೆಕೋಲಿನ್ ಮುಖ್ಯ ಕಾರಣ. ಚಟ ಹತ್ತುವುದೂ ಅದರಿಂದಲೇ. ಕೆನ್ನೆಯ ಒಳಚರ್ಮದ ಅಡಿಯಲ್ಲಿ ನಾರನ್ನು ಹೆಣೆಯುವ ಜೀವಕೋಶಗಳಿವೆ. ಗಾಯವಾದಾಗ ಅದನ್ನು ಮುಚ್ಚುವುದು ಅವುಗಳ ಕೆಲಸ. ಅಡಿಕೆಯ ರಸ ದಿನವೂ ಅದೇ ಜಾಗದಲ್ಲಿ ಊರುತ್ತಿದ್ದರೆ ಈ ಜೀವಕೋಶಗಳು ಕೆರಳಿ, ಬೇಡದಿದ್ದರೂ ಕೊಲಾಜೆನ್ ಎಂಬ ನಾರನ್ನು ಹೆಣೆಯುತ್ತಲೇ ಇರುತ್ತವೆ. ಅಡಿಕೆಯಲ್ಲಿರುವ ಟ್ಯಾನಿನ್ ಆ ನಾರನ್ನು ಸುಲಭವಾಗಿ ಕರಗದಂತೆ ಮಾಡುತ್ತದೆ. ಹೀಗೆ ಕೆನ್ನೆ ಹಗ್ಗದಂತೆ ಬಿಗಿಯುತ್ತದೆ. ಜೊತೆಗೆ ಸೇರಿದ ಸುಣ್ಣದ ಕ್ಷಾರದಲ್ಲಿ ಅಡಿಕೆಯ ಅಂಶಗಳು ಒಡೆದು, ಜೀವಕೋಶದ ಒಳಗಿನ ವಂಶತಂತುವನ್ನು ಕೆಡಿಸಬಲ್ಲ ತೀಕ್ಷ್ಣ ವಸ್ತುಗಳು ಹುಟ್ಟುತ್ತವೆ.

ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಬೆಳೆಯುತ್ತದೆ. ಮೊದಲು ತಾಂಬೂಲ ಹಾಕುತ್ತಿದ್ದವರು ಊಟದ ಮೇಲೆ ಎಲೆ ಮಡಿಸಿ ಹಾಕುತ್ತಿದ್ದರು. ಅಂಗಡಿಯ ಮುಂದೆ ಸರದಂತೆ ತೂಗುವ ಪೊಟ್ಟಣಗಳು ಬಂದ ಮೇಲೆ ಎಲೆಯೂ ಇಲ್ಲ, ಹೊತ್ತೂ ಇಲ್ಲ. ಶಾಲೆಗೆ ಹೋಗುವ ಹುಡುಗರ ಕೈಗೂ ಅವು ಸಿಕ್ಕಿದವು. ಬಾಯಿ ಬಿಗಿಯುವ ರೋಗ ಹರೆಯದವರಲ್ಲಿ ಕಾಣತೊಡಗಿದ್ದು ಇವು ಹರಡಿದ ಮೇಲೆ. ಆಹಾರ ಪದಾರ್ಥದಲ್ಲಿ ಹೊಗೆಸೊಪ್ಪು, ನಿಕೋಟಿನ್ ಸೇರಿಸಬಾರದೆಂದು 2011ರ ಕೇಂದ್ರ ನಿಯಮ ಹೇಳಿತು. 2013ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಗುಟ್ಕಾವನ್ನು ನಿಷೇಧಿಸಿತು. ಆದರೆ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ಹೊಗೆಸೊಪ್ಪು ಇನ್ನೊಂದು ಪೊಟ್ಟಣದಲ್ಲಿ ಬಂದು ಗಿರಾಕಿಯ ಅಂಗೈಯಲ್ಲಿ ಒಂದಾದವು. ಇಂಥ ಜೋಡಿ ಮಾರಾಟದ ಪ್ರಶ್ನೆ 2016ರಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿತ್ತು.

ನಮ್ಮವರ ಆಕ್ಷೇಪಗಳು

ಬೆಳೆಗಾರರ ಸಭೆಗಳಲ್ಲಿ ಕೇಳಿಬರುವ ಆಕ್ಷೇಪಗಳನ್ನು ತಳ್ಳಿಹಾಕದೆ ಒಂದೊಂದಾಗಿ ನೋಡುವುದು ನ್ಯಾಯ.

"ನಮ್ಮ ಹಿರಿಯರು ಸಾವಿರಾರು ವರ್ಷ ತಾಂಬೂಲ ಹಾಕಿಲ್ಲವೇ?" ಹಾಕಿದ್ದಾರೆ. ಅವರಲ್ಲಿ ಎಷ್ಟು ಮಂದಿಗೆ ಬಾಯಿಹುಣ್ಣು ಮಾಯದೆ ಉಳಿಯಿತು ಎಂದು ಬರೆದಿಟ್ಟವರಿಲ್ಲ. ಮೇಲಾಗಿ, ಮೇಲೆ ಹೇಳಿದ ಅಧ್ಯಯನಗಳ ಮುಖ್ಯ ವಸ್ತು ದಿನವಹಿ, ಹಲವು ಬಾರಿ, ಹಲವು ವರ್ಷ ಜಗಿದವರು. ಮದುವೆ ಮನೆಯ ಒಂದು ವೀಳ್ಯವನ್ನೂ ದಿನಕ್ಕೆ ಹತ್ತು ಪೊಟ್ಟಣವನ್ನೂ ಒಂದೇ ಎನ್ನಲಾಗದು. ಹಾಗೆಂದು ಇಷ್ಟರವರೆಗೆ ಕ್ಷೇಮ ಎಂಬ ಗಡಿಯನ್ನು ಯಾರೂ ತೋರಿಸಿಕೊಟ್ಟಿಲ್ಲ.

"ತಪ್ಪು ಹೊಗೆಸೊಪ್ಪಿನದು." ಇದು 1985ರಲ್ಲಿ ನಿಲ್ಲುತ್ತಿದ್ದ ವಾದ. ತೈವಾನಿನ ಅನುಭವದ ಮುಂದೆ ಇಂದು ನಿಲ್ಲುವುದು ಕಷ್ಟ. ಜೊತೆಗಾರನನ್ನು ಬಿಡಿಸಿದಾಗ ಕಾಫಿಯ ದೋಷ ಇಳಿಯಿತು. ಅಡಿಕೆಯ ದೋಷ ಉಳಿಯಿತು. ಒಂದೇ ತಕ್ಕಡಿ, ಒಂದೇ ಬಗೆಯ ತೂಕ. 2016ರಲ್ಲಿ ಆ ತಕ್ಕಡಿಯನ್ನು ಹೊಗಳಿದ ನಾವು ಅಡಿಕೆಯ ಸರದಿ ಬಂದಾಗ ಅದನ್ನು ಕಳ್ಳ ತಕ್ಕಡಿ ಎನ್ನುವುದು ಹೊಂದುವುದಿಲ್ಲ.

"ಅಡಿಕೆಯಲ್ಲಿ ಔಷಧಿ ಗುಣವಿದೆ ಎಂದು ನಮ್ಮ ಪ್ರಯೋಗಗಳೇ ತೋರಿಸಿವೆಯಲ್ಲ?" ತೋರಿಸಿರುವುದು ನಿಜ. ಅರೆಕೋಲಿನ್ ಹೊಟ್ಟೆಹುಳುವಿಗೆ ಮದ್ದಾಗಿ ಪಶುವೈದ್ಯರಿಗೆ ಹಿಂದಿನಿಂದ ಪರಿಚಿತ. ಅಡಿಕೆಯ ಸತ್ವದ ಇತರ ಗುಣಗಳನ್ನೂ ಪ್ರಯೋಗಶಾಲೆಗಳಲ್ಲಿ ನೋಡಿದ್ದಾರೆ. ಆದರೆ ಗಾಜಿನ ತಟ್ಟೆಯಲ್ಲಿ, ಇಲಿಯ ಮೈಯಲ್ಲಿ ಕಂಡ ಗುಣಕ್ಕೂ ಮನುಷ್ಯನ ಕೆನ್ನೆಯಲ್ಲಿ ಇಪ್ಪತ್ತು ವರ್ಷ ಅಡಿಕೆ ಕುಳಿತಾಗ ಆಗುವ ಪರಿಣಾಮಕ್ಕೂ ಅಂತರವಿದೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಹಾವಿನ ವಿಷದಿಂದ ಮದ್ದು ಮಾಡುತ್ತಾರೆಂದು ಹಾವಿನೊಡನೆ ಮಲಗುವವರಿಲ್ಲ.

"ಪರೀಕ್ಷೆಗಳಲ್ಲಿ ನಮ್ಮ ತಳಿ, ನಮ್ಮ ಸಂಸ್ಕರಣೆ ಎಲ್ಲಿದೆ?" ಇದು ತೂಕದ ಪ್ರಶ್ನೆ. ತೈವಾನಿನವರು ಜಗಿಯುವುದು ಹಸಿ ಎಳೆಕಾಯಿ. ನಮ್ಮ ಕೆಂಪಡಿಕೆ ಬೇಯಿಸಿ ಒಣಗಿಸಿದ್ದು. ಕರಾವಳಿಯ ಚಾಲಿ ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದದ್ದು. ಬೇಯಿಸಿದಾಗ ಕೆಲವು ಅಂಶಗಳು ಚೊಗರಿಗೆ ಇಳಿಯುತ್ತವೆ. ಸಂಸ್ಕರಣೆಯಿಂದ ಅಪಾಯ ಎಷ್ಟು ಬದಲಾಗುತ್ತದೆ ಎಂಬುದನ್ನು ಮನುಷ್ಯರಲ್ಲೇ, ದೀರ್ಘಕಾಲ, ಪಕ್ಷಪಾತವಿಲ್ಲದೆ ನೋಡುವ ಕೆಲಸಕ್ಕೆ ಅವಕಾಶವಿದೆ. ಅಡಿಕೆ ಮತ್ತು ಆರೋಗ್ಯದ ಅಧ್ಯಯನವನ್ನು ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ವಿಜ್ಞಾನಿಗಳಿಗೆ ವಹಿಸಿರುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ತಿಳಿಸಿದೆ. ಆ ಅಧ್ಯಯನವನ್ನು ನಾವು ಸ್ವಾಗತಿಸಬೇಕು. ಆದರೆ ನಮಗೆ ಬೇಕಾದ ಉತ್ತರ ಬರಲೆಂದಲ್ಲ, ನಿಜವಾದ ಉತ್ತರ ಬರಲೆಂದು.

ಹಾಳೆ ತಟ್ಟೆಯ ಪಾಠ

ನಾವೇ ಮೊದಲು ಪರೀಕ್ಷಿಸದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಈಚೆಗೆ ಒದಗಿದೆ. ತೋಟದಲ್ಲಿ ಬಿದ್ದು ಕೊಳೆಯುತ್ತಿದ್ದ ಹಾಳೆಯಿಂದ ತಟ್ಟೆ, ದೊನ್ನೆಗಳನ್ನು ಒತ್ತಿ ಹೊರದೇಶಕ್ಕೆ ಕಳುಹಿಸುವ ಉದ್ಯಮ ಅನೇಕ ಹಳ್ಳಿಗಳಲ್ಲಿ ಬೆಳೆದಿತ್ತು. ಅಡಿಕೆ ಜಗಿಯುವುದು ಕಡಿಮೆಯಾದರೂ ಹಾಳೆ ಕೈಹಿಡಿಯುತ್ತದೆ ಎಂಬ ಭರವಸೆ ಇತ್ತು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ತಟ್ಟೆಗಳು ಆ ದೇಶದೊಳಗೆ ಬರುವುದಕ್ಕೆ ತಡೆ ಹಾಕಿತು. ಹಾಳೆಯಲ್ಲಿರುವ ಅಡಿಕೆಯ ಕ್ಷಾರಾಂಶಗಳು ಊಟಕ್ಕೆ ಇಳಿಯಬಹುದು, ಅದು ಸುರಕ್ಷಿತವೆಂದು ತೋರಿಸುವ ಮಾಹಿತಿ ಇಲ್ಲ ಎಂಬುದು ಅವರ ಕಾರಣ.

ಬಿಸಿ ಸಾರು ಬಡಿಸಿದ ತಟ್ಟೆಯಿಂದ ಎಷ್ಟು ಅಂಶ ಅನ್ನಕ್ಕೆ ಇಳಿಯುತ್ತದೆ ಎಂದು ಅಳೆಯುವುದು ಪ್ರಯೋಗಶಾಲೆಗೆ ದೊಡ್ಡ ಕೆಲಸವೇನಲ್ಲ. ಮಾರುಕಟ್ಟೆ ಕಟ್ಟುವ ಮೊದಲೇ ಅಳೆದು ಕೈಯಲ್ಲಿ ಕಾಗದ ಇಟ್ಟುಕೊಂಡಿದ್ದರೆ, ತಡೆ ಬಂದ ದಿನ ಮಾತನಾಡಲು ನಮಗೆ ಬಾಯಿ ಇರುತ್ತಿತ್ತು.

ಕೋಲ್ಮನ್ ಅವರ ನೆನಪು

ವಿಜ್ಞಾನ ನಮ್ಮ ವೈರಿ ಎಂದು ಭಾವಿಸುವವರು ಒಂದು ಹೆಸರನ್ನು ನೆನೆಯಬೇಕು. ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ ಆರಂಭವಾಗಲು ಶ್ರಮಿಸಿದವರಲ್ಲಿ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಪ್ರಮುಖರು. ಅವರೇ 1910ರ ಸುಮಾರಿನಲ್ಲಿ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸಲು ಕಲಿಸಿದವರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾದದ್ದೂ ಅವರ ಕಾಲದಲ್ಲೇ. ಗೊನೆಗೆ ಕೊಟ್ಟೆ ಕಟ್ಟುವುದನ್ನು ಮಾತ್ರ ಬಲ್ಲ ರೈತರಿಗೆ ಅಂದು ಔಷಧಿ ಹೊಡೆಯುವ ಮಾತು ಹೊಸದು. ಆದರೂ ಕಣ್ಣಾರೆ ಕಂಡ ಮೇಲೆ ಒಪ್ಪಿದರು, ತೋಟಗಳು ಉಳಿದವು. ಮರದ ರೋಗವನ್ನು ಹೇಳಿದಾಗ ವಿಜ್ಞಾನವನ್ನು ನಂಬಿದವರು, ಮನುಷ್ಯನ ರೋಗವನ್ನು ಹೇಳಿದಾಗ ಕಿವಿ ಮುಚ್ಚಿಕೊಳ್ಳುವುದು ಸರಿಯಲ್ಲ.

ಯುವಕರಿಗೆ ಉತ್ತರ

ವೈದ್ಯನಾಥಪುರದ ಆ ಯುವಕರಿಗೆ ಹೇಳಬೇಕಾದುದು ಇಷ್ಟು. ಇಟ್ಟ ಸಸಿಯನ್ನು ಪತ್ರಿಕೆಯ ಒಂದು ಸುದ್ದಿಗೆ ಹೆದರಿ ಕೀಳಬೇಡಿ. ನಮ್ಮ ದೇಶದಲ್ಲಿ ಅಡಿಕೆ ಬೆಳೆಯುವುದಕ್ಕೆ ನಿಷೇಧವಿಲ್ಲ. ಬೇಡಿಕೆಯೂ ಒಂದೇ ದಿನದಲ್ಲಿ ಬೀಳುವಂಥದ್ದಲ್ಲ. ಆದರೆ ಇರುವ ಗದ್ದೆಯನ್ನೆಲ್ಲ ಅಡಿಕೆಗೇ ಒಪ್ಪಿಸಬೇಡಿ. ತೈವಾನಿನಲ್ಲಿ ಸರ್ಕಾರವೇ ಸಹಾಯಧನ ಕೊಟ್ಟು ಅಡಿಕೆ ಮರ ಕಡಿಸಿ ಬೇರೆ ಬೆಳೆಗೆ ಪ್ರೋತ್ಸಾಹಿಸಿದೆ. ನಿಮ್ಮ ಸಸಿ ಫಲ ಕೊಡುವ ನಲವತ್ತು ವರ್ಷಗಳಲ್ಲಿ ಇಲ್ಲಿ ಏನಾಗುತ್ತದೆಂದು ಯಾರೂ ಭರವಸೆ ಕೊಡಲಾರರು. ತೆಂಗು, ಬಾಳೆಗಳನ್ನು ಬಿಡದೆ, ನೆರಳಿರುವಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿ, ಒಂದು ಕೈ ಸೋತರೆ ಇನ್ನೊಂದು ಕೈ ಹಿಡಿಯುವಂತೆ ತೋಟ ಕಟ್ಟಿ.

ಇನ್ನು ಸದಸ್ಯರೆಲ್ಲರಿಗೂ ಒಂದು ಅರಿಕೆ. ಅಡಿಕ�ೆ ಸುಲಿಯುವ ಕಣದಲ್ಲಿ ದಿನವಿಡೀ ಬಾಯಾಡಿಸುವವರು ನಮ್ಮವರೇ, ನಮ್ಮ ಕೂಲಿಯವರೇ. ಬಾಯಿಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಿಂದರೆ ತಡೆಯಲಾರದ ಉರಿ, ಬಾಯಿ ಅಗಲಿಸಲು ಆಗದಿರುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ದಂತವೈದ್ಯರಿಗೆ ತೋರಿಸಬೇಕು. ಬಾಯಿ ಕ್ಯಾನ್ಸರ್ ಮೊದಲ ಹಂತದಲ್ಲಿ ಸಿಕ್ಕಿದರೆ ಗುಣವಾಗುವ ಆಸೆ ಹೆಚ್ಚು. ಚಟವನ್ನು ಬಿಟ್ಟವರಲ್ಲಿ ಅಪಾಯ ಕ್ರಮೇಣ ಇಳಿಯುತ್ತದೆ. ಮಕ್ಕಳ ಕೈಗೆ ಪೊಟ್ಟಣ ಸಿಗದಂತೆ ನೋಡಿಕೊಳ್ಳುವುದಂತೂ ಬೆಳೆಗಾರರಾದ ನಮ್ಮ ಮೊದಲ ಕರ್ತವ್ಯ.

ಅಡಿಕೆ ನಮಗೆ ಅನ್ನ ಕೊಟ್ಟಿದೆ. ಅದರ ಋಣ ತೀರಿಸುವುದೆಂದರೆ ಅದರ ಬಗ್ಗೆ ಸುಳ್ಳು ಹೇಳುವುದಲ್ಲ. ಬೆಳೆದ ಮಾಲನ್ನು ತಕ್ಕಡಿಗೆ ಹಾಕುವಾಗ ಮುಳ್ಳು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಒಪ್ಪುವವನೇ ಮರ್ಯಾದಸ್ಥ ಬೆಳೆಗಾರ. ಈ ತಕ್ಕಡಿಯ ವಿಷಯದಲ್ಲೂ ನಾವು ಹಾಗೆಯೇ ನಡೆದುಕೊಂಡರೆ, ನಾಳೆ ನಮ್ಮ ಮಾತಿಗೂ ತೂಕ ಬರುತ್ತದೆ.